ಮುಂದಿನ ವಸಂತಕ್ಕೆ ನುಂಗ್ತೀನಿ

ಯಾರೂ ಕರೆಯದೆ ತಾನಾಗಿಯೇ ತಪಾಸಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ ಬಾವೊಲಿನ್‌ನನ್ನು ಕಂಡು ಸುಯುನ್‌ಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಎದೆ ಧಸಕ್ಕೆಂದಿತು.

ತೈಹಾಂಗ್ ಬೆಟ್ಟದ ಈ ಹಳ್ಳಿಗಳಿಗೆ ಅನ್ನನಾಳದ ಕ್ಯಾನ್ಸರ್ ತಲೆಮಾರುಗಳಿಂದ ಗಂಟುಬಿದ್ದ ನೆಂಟ. ಪ್ರತಿ ವಸಂತದಲ್ಲಿ ಜಿಲ್ಲೆಯ ತಂಡ ಬಂದು, ನಲವತ್ತು ದಾಟಿದವರ ಗಂಟಲಿಗೆ ಕ್ಯಾಮೆರಾದ ಕೊಳವೆ ಇಳಿಸಿ ನೋಡುತ್ತದೆ. ಬೇಗ ಸಿಕ್ಕರೆ ಮನುಷ್ಯ ಉಳಿಯುತ್ತಾನೆ, ತಡವಾದರೆ ಇಲ್ಲ. ಏನೂ ಇಲ್ಲವೆಂದು ಬಂದವರು ಮತ್ತೆ ಐದು ವರ್ಷ ಬರಬೇಕಿಲ್ಲ. ಮನೆಮನೆಗೆ ಹೋಗಿ ಜನರನ್ನು ಒಪ್ಪಿಸುವುದು ನರ್ಸ್ ಸುಯುನ್‌ಳ ಕೆಲಸ. ಗಂಡನನ್ನು ಬಿಟ್ಟು ಒಂಟಿಯಾಗಿದ್ದ ಅವಳ ನಾಲಿಗೆ ಬಲು ಚುರುಕು. ಅಜ್ಜಅಜ್ಜಿಯರೂ ಅವಳ ಬೈಗುಳಕ್ಕೆ ಬಗ್ಗಿ ಕೊಳವೆ ನುಂಗಿದ್ದರು. ಬಗ್ಗದವನು ಒಬ್ಬನೇ, ತನ್ನ ಮೂರು ಗಾಲಿಯ ಗಾಡಿಯಲ್ಲಿ ಊರವರನ್ನೆಲ್ಲ ತಪಾಸಣೆಗೆ ಹೊತ್ತು ತರುತ್ತಿದ್ದ ಈ ಬಾವೊಲಿನ್.

ಅವನ ಅಪ್ಪ ಅವ್ವ ಇಬ್ಬರೂ ಇದೇ ರೋಗಕ್ಕೆ ಹೋದವರು. ಹಿಂದೆ ಮುಂದೆ ಯಾರೂ ಇಲ್ಲ. ಪ್ರತಿ ವರ್ಷ ಅವಳು ಬೈಯಲೆಂದು ಅವನ ಅಂಗಳಕ್ಕೆ ಹೋಗುವುದು, ಅವನು ಅಕ್ರೋಟ್ ಮರದ ಕೆಳಗೆ ಸ್ಟೂಲು ಹಾಕಿ ನವಣೆ ಗಂಜಿ ತಂದಿಡುವುದು ನಡೆದೇ ಇತ್ತು.

"ಹಬೆಯಾಡೋ ಗಂಜಿ ಅನ್ನನಾಳ ಸುಡುತ್ತೆ, ಕುಡೀಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

"ಹಾಗಾದ್ರೆ ನೀವೇ ಊದಿ ಆರಿಸಿ ಕೊಡಿ, ಡಾಕ್ಟರಮ್ಮ."

ತಾನು ಬರೀ ನರ್ಸ್ ಎಂದು ಎಷ್ಟು ಹೇಳಿದರೂ ಅವನಿಗೆ ಅವಳು ಡಾಕ್ಟರಮ್ಮನೇ. ಗದರುತ್ತಲೇ ಅವಳು ಬಟ್ಟಲನ್ನು ಎತ್ತಿ ಊದುತ್ತಿದ್ದಳು. ಗಲ್ಲಕ್ಕೆ ಕೈಕೊಟ್ಟು ಅವನು ಅವಳ ತುಟಿ ದುಂಡಗಾಗುವುದನ್ನೇ ನೋಡುತ್ತಿದ್ದ. ಅವಳು ಕಣ್ಣೆತ್ತಿದರೆ ಸಾಕು, ಮರದಲ್ಲಿ ಇಲ್ಲದ ಹಕ್ಕಿಯನ್ನು ಹುಡುಕತೊಡಗುತ್ತಿದ್ದ. ಹೊರಡುವಾಗ ಮಾತ್ರ ಪ್ರತಿ ಸಲವೂ ಅದೇ ಮಾತು: "ಮುಂದಿನ ವಸಂತಕ್ಕೆ ನುಂಗ್ತೀನಿ."

ಮೊಂಡ ಎಂದು ಬೈದುಕೊಂಡೇ ಅವಳು ಬೆಟ್ಟ ಇಳಿಯುತ್ತಿದ್ದಳು, ನಗು ಮಾತ್ರ ಕೆಳಗಿನ ರಸ್ತೆಯವರೆಗೂ ಮುಖದಲ್ಲೇ ಇರುತ್ತಿತ್ತು. ಬೇರೆ ನರ್ಸನ್ನು ಕಳಿಸಬಹುದಿತ್ತು. ಊರಿನ ಮುಖ್ಯಸ್ಥರಿಂದ ಗದರಿಸಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ.

ಈಗ ಅವನು ತಾನಾಗಿ ಬಂದಿದ್ದ. ಚಳಿಗಾಲದಿಂದ ಬನ್ನು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿದೆಯೆಂದು ನಗುನಗುತ್ತಲೇ ಹೇಳಿದ. ಅಂಗಿಯ ಕಾಲರ್ ಕುತ್ತಿಗೆಗೆ ದೊಗಳೆಯಾಗಿತ್ತು. ಅವಳು ಅವನ ಕೈಹಿಡಿದು ನಿಂತಳು. ಕೊಳವೆ ಅರ್ಧಕ್ಕೆ ಹೋಗಿ ಅಲ್ಲೇ ನಿಂತಿತು.

ವಾರ ಕಳೆದು ಸ್ಕ್ಯಾನ್ ವರದಿ ಬಂದಾಗ, ತಂಡದ ಡಾಕ್ಟರ್ ರೋಗಿಯ ಮನೆಯವರನ್ನು ಕರೆಯಲು ಹೇಳಿದರು. ಇಲ್ಲಿಯ ರೂಢಿ ಹಾಗೆ. ಕೆಟ್ಟ ಸುದ್ದಿಯನ್ನು ಮನೆಯವರಿಗೆ ಹೇಳುತ್ತಾರೆ, ರೋಗಿಗೆ ಸಣ್ಣ ಹುಣ್ಣು ಎನ್ನುತ್ತಾರೆ. ಆ ಸಣ್ಣ ಸುಳ್ಳನ್ನು ಸುಯುನ್ ಎಷ್ಟೋ ಜನರಿಗೆ ನಗುತ್ತಲೇ ಹೇಳಿದ್ದಳು.

"ಮನೆಯವಳು ನಾನೇ," ಎಂದಳು.

ಡಾಕ್ಟರ್ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ವರದಿ ಬಿಡಿಸಿದರು. ಯಕೃತ್ತಿಗೂ ಹರಡಿದೆ, ಕೊಯ್ದು ಫಲವಿಲ್ಲ, ಹಿಮ ಬೀಳುವ ತನಕ ಉಳಿದರೆ ಹೆಚ್ಚು ಎಂದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರನ್ನು ಕಂಡು ಅವಳು ಅದೆಷ್ಟು ಸಲ ಸಿಡುಕಿದ್ದಳೋ. ಈಗ ಆ ಸಿಡುಕಿಗೂ ಶಕ್ತಿ ಇರಲಿಲ್ಲ.

ಅಂಗಳದಲ್ಲಿ ಸ್ಟೂಲು ಸಿದ್ಧವಿತ್ತು, ಗಂಜಿಯೂ ಇತ್ತು.

"ಸಣ್ಣ ಹುಣ್ಣಂತೆ," ಎಂದಳು ಸುಯುನ್. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಬಂದಿದ್ದಳು.

ಬಾವೊಲಿನ್ ತಲೆಯಾಡಿಸಿದ. "ಸಣ್ಣ ಹುಣ್ಣಿನವರನ್ನೆಲ್ಲ ನಾನೇ ಗಾಡೀಲಿ ಮನೆಗೆ ಬಿಟ್ಟಿದ್ದು, ಡಾಕ್ಟರಮ್ಮ. ಅವರಲ್ಲಿ ಈಗ ಒಬ್ರೂ ಇಲ್ಲ." ಆಮೇಲೆ ಕೇಳಿದ, "ನಿಜಾನ ಯಾರಿಗೆ ಹೇಳಿದ್ರು? ನನಗೆ ಮನೆಯವರು ಅಂತ ಯಾರೂ ಇಲ್ವಲ್ಲ."

"ನನಗೇ ಹೇಳಿದ್ರು. ಮನೆಯವಳು ನಾನೇ ಅಂದೆ."

ಅವನ ಕಿವಿ ಕೆಂಪಾಯಿತು. ಈ ಸಲ ಹಕ್ಕಿ ಹುಡುಕಲಿಲ್ಲ, ಅವಳನ್ನೇ ನೋಡಿದ. ಅಷ್ಟು ಹೊತ್ತು ತಡೆದಿದ್ದ ಸಿಟ್ಟು ಅವಳಲ್ಲಿ ಆಗ ಉಕ್ಕಿತು. ಇಷ್ಟು ವರ್ಷ ಯಾಕೆ ನುಂಗಲಿಲ್ಲ, ಅಷ್ಟೊಂದು ಹೆದರಿಕೆಯಾ ಎಂದು ಕೇಳಿದಳು.

"ಹೆದರಿಕೆನೇ," ಎಂದ ಅವನು. "ನುಂಗಿ ಏನೂ ಇಲ್ಲ ಅಂತ ಬಂದಿದ್ರೆ ನೀವು ಐದು ವರ್ಷ ಈ ಕಡೆ ತಲೆ ಹಾಕ್ತಿರಲಿಲ್ಲ. ಆಮೇಲೆ ನನ್ನ ಬೈಯೋಕೆ ಯಾರು ಬರ್ತಿದ್ರು?"

ಸುಯುನ್‌ಗೆ ತಾನು ನಗುತ್ತಾ ಬೆಟ್ಟ ಇಳಿದ ಒಂದೊಂದು ವಸಂತವೂ ಕಣ್ಣೆದುರು ಬಂತು. ಆ ನೆಪ ಅವನೊಬ್ಬನದಾಗಿರಲಿಲ್ಲ.

"ಬಾ ಅಂದಿದ್ರೆ ಸಾಕಿತ್ತಲ್ಲೋ," ಎಂದಳು. "ಸುಮ್ನೆ ಬಾ ಅಂದಿದ್ರೂ ಬರ್ತಿದ್ದೆ."

"ಗೊತ್ತಿರಲಿಲ್ಲ," ಎಂದ ಬಾವೊಲಿನ್.

ಅವಳು ಗಂಜಿಯನ್ನು ಊದಿ ಊದಿ ಆರಿಸಿದಳು. ಅವನು ಒಂದು ಗುಟುಕು ಬಾಯಲ್ಲಿ ಹಿಡಿದು ಕಷ್ಟಪಟ್ಟ, ಇಳಿಯಲಿಲ್ಲ, ಬೇಲಿಯ ಕಡೆ ಹೋಗಿ ಉಗುಳಿ ಬಂದ. ಅವಳು ಒದ್ದೆ ಬಟ್ಟೆಯಲ್ಲಿ ಅವನ ಗಡ್ಡ ಒರೆಸಿದಳು.

ಬಿಸಿಲು ಇಳಿದು ಅವಳು ಎದ್ದಾಗ, ರೂಢಿಯಂತೆ ಅವನು "ಮುಂದಿನ ವಸಂತಕ್ಕೆ..." ಎಂದು ಶುರುಮಾಡಿ ಬಾಯಿ ಮುಚ್ಚಿಕೊಂಡ. ಸುಯುನ್ ತನ್ನ ಚೀಲ ಎತ್ತಿಕೊಂಡು, ಗೇಟಿನ ಕಡೆಗೆ ಹೋಗದೆ ಒಳಗೆ ಹೋಗಿ ಮೊಳೆಗೆ ತೂಗುಹಾಕಿದಳು.