ತೇಜುವಿನ ಎರಡನೇ ಮುದ್ದೆ

"ಲೇ, ಈ ಡ್ರಮ್ಮಿಗೆ ಎಲ್ಡು ಎಲೆ ಆಕ್ರಲಾ! ಒಂದೆಲೆ ಯಾವ ಮೂಲೆಗೆ ಸಾಕಾದದು?"

ಇಡೀ ಪಂಕ್ತಿ ಗೊಳ್ಳೆಂದಿತು.

ಅಂದವನು ದೊಡ್ಡಪ್ಪ ಕೆಂಪರಾಜು. ಅನ್ನಿಸಿಕೊಂಡವನು ಐದನೇ ಕ್ಲಾಸಿನ ತೇಜು. ಕೊಪ್ಪದ ದೊಡ್ಡಪ್ಪನ ಮನೆ ಮುಂದೆ ಶಾಮಿಯಾನ ಹಾಕಿ ಬೀಗರ ಊಟ ಇಟ್ಟಿದ್ದರು. ದೊಡ್ಡಪ್ಪನ ಮಗನಿಗೆ ಹೆಣ್ಣು ಕೊಟ್ಟವರು ಮಳವಳ್ಳಿಯಿಂದ ಎರಡು ಬಸ್ಸು ತುಂಬ ಬಂದಿದ್ದರು. ತೇಜು ಯಾರು, ಎತ್ತ ಅಂತ ಗೊತ್ತಿಲ್ಲದೆ ಅವರೂ ನಕ್ಕರು.

ದೊಡ್ಡಪ್ಪ ತನ್ನ ಕಾಲಿನ ಚಪ್ಪಲಿಯನ್ನು ತಾನು ನೋಡಿ ಎಷ್ಟೋ ವರ್ಷವಾಗಿತ್ತು. ನಡುವೆ ಹೊಟ್ಟೆ ಅಡ್ಡ ಬರುತ್ತಿತ್ತು. ಆದರೆ ಅದು ದೊಡ್ಡವರ ಹೊಟ್ಟೆ. ಅದಕ್ಕೆ ಯಾರೂ ಹೆಸರಿಡುತ್ತಿರಲಿಲ್ಲ.

ತೇಜುವಿನ ಎಲೆಗೆ ಬಿಸಿ ರಾಗಿಮುದ್ದೆ ಬಿತ್ತು. ಪಕ್ಕದಲ್ಲೇ ಮಟನ್ ಸಾರು. ತೇಜು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೋದ ತಿಂಗಳು ಅತ್ತೆ ಚಿಕ್ಕಲಕ್ಷ್ಮಮ್ಮ "ಇದೇನ್ಲಾ ಇಂಗೆ ಊದ್ಕೊಂಡಿದ್ದೀಯ" ಅಂದಾಗಿನಿಂದ ಸ್ಕೂಲಿನ ಬಿಸಿಯೂಟದಲ್ಲೂ ಅರ್ಧ ತಟ್ಟೆ ಬಿಟ್ಟೇಳುತ್ತಿದ್ದ. ಮೊನ್ನೆ ಪಿ.ಟಿ. ಪೀರಿಯಡ್ಡಿನಲ್ಲಿ ತಲೆ ಸುತ್ತಿ ನೆಲದ ಮೇಲೆ ಕೂತೇಬಿಟ್ಟಿದ್ದ. ಇವತ್ತೊಂದು ದಿನ ಎರಡು ಮುದ್ದೆ ತಿಂದು, ಹೊಟ್ಟೆ ತುಂಬಿಸಿಕೊಂಡು ಏಳಬೇಕು ಅಂತ ಆಸೆಪಟ್ಟು ಬಂದಿದ್ದ.

ಪಕ್ಕದ ಎಲೆಯಲ್ಲಿ ಚಿಕ್ಕಪ್ಪನ ಮಗಳು ದೀಪಿಕ ಕೂತಿದ್ದಳು. ಅತ್ತೆ ಅವಳನ್ನೂ ಬಿಡಲಿಲ್ಲ.

"ನೀನ್ಯಾಕವ್ವ ಇಂಗೆ ಕಡ್ಡಿ ಆಗಿದ್ದೀಯ? ಗಾಳಿ ಬಂದ್ರೆ ಆರೋಯ್ತೀಯ ಕಣಮ್ಮ! ಇವ್ನ ಮೈಯಿಂದ ಒಂದೈದು ಕೆಜಿ ಇಸ್ಕೊಬಾರ್ದಾ?"

ಮತ್ತೆ ನಗು. ದೀಪಿಕ ತಲೆ ಬಗ್ಗಿಸಿ ಪಿಸುಗುಟ್ಟಿದಳು.

"ಇವ್ರಿಗೆ ಯಾವ ಸೈಜು ಬೇಕು ಕಣೋ?"

"ಅವ್ರಿಗೇ ಗೊತ್ತಿಲ್ಲ ಕಣೇ," ಅಂದ ತೇಜು.

ಬಡಿಸುವ ಅಂಕಯ್ಯ ಮುದ್ದೆ ತಟ್ಟೆ ಹಿಡಿದು ಎರಡನೇ ಸಲ ಬಂದ. ಮೊದಲನೇ ಮುದ್ದೆ ಮುಗಿಸಿದ್ದ ತೇಜು ತಲೆ ಎತ್ತಿದ. ಅಷ್ಟರಲ್ಲಿ ಅವ್ವ ಹಿಂದಿನಿಂದ ಬಂದು ಕಿವಿಯ ಹತ್ತಿರ ಬಗ್ಗಿದಳು.

"ಸಾಕು ಕಣ್ಮಗ. ಎಲ್ರೂ ನೋಡ್ತಾವ್ರೆ."

ದೊಡ್ಡಪ್ಪನ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ತೇಜು ಎಲೆಗೆ ಕೈ ಅಡ್ಡ ಹಿಡಿದ.

"ಬ್ಯಾಡಣ್ಣ."

ಮುದ್ದೆ ಮುಂದಿನ ಎಲೆಗೆ ಹೋಯಿತು.

ಆಗ ಎದುರು ಸಾಲಿನಲ್ಲಿ ಶಿಳ್ಳೆ ಎದ್ದಿತು. ಹೆಣ್ಣಿನ ಕಡೆಯ ನಿಂಗಯ್ಯ ಆರನೇ ಮುದ್ದೆ ಮುಗಿಸಿದ್ದ. ಕಬ್ಬಿನ ಜಲ್ಲೆಯಂಥ ಆಳು. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಅವನನ್ನು ಯಾರೂ ಕೇಳಲಿಲ್ಲ. ಚಪ್ಪಾಳೆ ಹೊಡೆದರು.

"ಏನ್ ಬೀಗ್ರೇ, ನಿಮ್ ಕಡೆ ಮುದ್ದೆ ಉಣ್ಣೋರೇ ಇಲ್ವಾ? ಎಲ್ಲಾ ಇಡ್ಲಿ ಗಿರಾಕಿಗಳೇಯ?" ಅಂತ ಮಳವಳ್ಳಿಯವರು ಕೂಗಿದರು.

ದೊಡ್ಡಪ್ಪನ ಮೀಸೆ ಅದುರಿತು. ತಾನೇ ಕೂರೋಣವೆಂದರೆ, ಅಡುಗೆ ರುಚಿ ನೋಡುವ ನೆಪದಲ್ಲಿ ಆಗಲೇ ಐದು ಮುದ್ದೆ ಇಳಿದಿತ್ತು. ಸುತ್ತ ಕಣ್ಣಾಡಿಸಿದ.

"ನಿಮ್ ನಿಂಗಯ್ಯಂಗೆ ದೊಡ್ಡೋರ್ಯಾಕೆ? ನಮ್ ಐದ್ನೇ ಕ್ಲಾಸ್ ಉಡ್ಗನೇ ಸಾಕು! ತೇಜು! ಎಲ್ಲವ್ನೆ ನಮ್ ಹುಲಿ?"

ಹತ್ತು ನಿಮಿಷದಲ್ಲಿ ಡ್ರಮ್ಮು ಹುಲಿಯಾಗಿತ್ತು.

ಎಲೆ ಸಾಲದೆಂದು ಒಳಗಿನಿಂದ ಅಗಲದ ಸ್ಟೀಲ್ ತಟ್ಟೆ ಬಂತು. ಅದರಲ್ಲಿ ನಾಲ್ಕು ಮುದ್ದೆ, ಮೇಲೆ ಸಾರು. ಹುಡುಗರು ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದರು. ದೊಡ್ಡಪ್ಪ ತೇಜುವಿನ ಬೆನ್ನು ತಟ್ಟಿದ.

"ನಮ್ ಮನೆತನದ ಮಾನ ನಿನ್ ಕೈಲದೆ ಮಗ!"

"ಉಣ್ಣು ಕಂದ. ಈ ಮೈ ಇನ್ಯಾತಕ್ಕಿರೋದು!" ಅಂದಳು ಅತ್ತೆ.

ಈಗ ಅವ್ವನೂ ನಗುತ್ತಿದ್ದಳು. "ನಾಚ್ಕೊಬ್ಯಾಡ ಕಣ್ಮಗ, ಉಣ್ಣು."

ಮುದ್ದೆಯಿಂದ ಹಬೆ ಏಳುತ್ತಿತ್ತು. ತೇಜುವಿನ ಬಾಯಲ್ಲಿ ನೀರೂರಿತು. ಒಂದು ಮುದ್ದೆಗೆ ಬೆರಳು ತಾಗಿಸಿ ತಲೆ ಎತ್ತಿ ನೋಡಿದ. ಎಲ್ಲರ ಕಣ್ಣೂ ಅವನ ಹೊಟ್ಟೆಯ ಮೇಲಿತ್ತು. ಬೈಯುವಾಗಲೂ ಅಲ್ಲೇ ಇತ್ತು, ಹೊಗಳುವಾಗಲೂ ಅಲ್ಲೇ. ಹಸಿವಾಗಿದೆಯಾ ಅಂತ ಮಾತ್ರ ಒಬ್ಬರೂ ಕೇಳಿರಲಿಲ್ಲ.

ತೇಜು ಬೆರಳು ತಾಗಿಸಿದ ಮುದ್ದೆಯನ್ನು ಮಾತ್ರ ತಟ್ಟೆಯಲ್ಲಿ ಉಳಿಸಿಕೊಂಡ. ಮಿಕ್ಕ ಮೂರನ್ನು ಎಡಗೈಗೆ ಸಿಕ್ಕ ಸೌಟಿನಲ್ಲಿ ಎತ್ತಿ ಒಂದೊಂದಾಗಿ ಖಾಲಿ ಎಲೆಯ ಮೇಲಿಟ್ಟ. ಆಮೇಲೆ ತಟ್ಟೆ ಹಿಡಿದು ಎದ್ದ.

"ಲೇ, ಎಲ್ಲಿಗ್ಲಾ ಓಯ್ತಿದ್ದೀಯ?" ದೊಡ್ಡಪ್ಪ ಗುಡುಗಿದ. "ಬೀಗರ ಮುಂದೆ ಮಾನ ಕಳೀತೀಯಾ? ಕೂತ್ಕೊಳ್ಳಲಾ!"

ತೇಜು ನಿಲ್ಲಲಿಲ್ಲ. ಓಡಲೂ ಇಲ್ಲ. ಸಾರು ತಟ್ಟೆಯ ಅಂಚಿನವರೆಗೂ ಇತ್ತು. ಅದು ಚೆಲ್ಲದಂತೆ ಒಂದೊಂದೇ ಹೆಜ್ಜೆ ಇಡುತ್ತ, ತನ್ನ ಎರಡನೇ ಮುದ್ದೆ ಉಣ್ಣಲು ಮನೆಯ ಹಿಂದೆ ಹಸು ಕಟ್ಟಿದ್ದ ಕಡೆಗೆ ನಡೆದುಹೋದ.