ಒಂದೇ ಒಂದು ಸೀಟಿ

"ಇದರ ಬಾಯಿಗೆ ಪ್ಲಾಸ್ಟರ್ ಹಚ್ಚಿದವ್ರು ಯಾರ್ರಿ?"

ಸೇಡಂನ ನಮ್ಮ ಆಸ್ಪತ್ರೆಯ ಅರಿವಳಿಕೆ ಯಂತ್ರದ ಹಿಂದಿನಿಂದ ತಲೆ ಎತ್ತಿ ಕೇಳಿದ, ರಿಪೇರಿಗೆ ಬಂದಿದ್ದ ಇಂಜಿನಿಯರ್ ಸಂಗಮೇಶ್ವರ. ಅಲಾರಂ ಸ್ಪೀಕರಿನ ಮೇಲೆ ಬಿಳಿ ಪ್ಲಾಸ್ಟರ್ ಎರಡು ಪದರ ಇತ್ತು.

ಸಿಸ್ಟರ್ ಸುಗರಾಬಿ ಕಿಟಕಿ ನೋಡಿದಳು. ಅರಿವಳಿಕೆ ಡಾಕ್ಟರಾದ ನಾನು ನೆಲ ನೋಡಿದೆ.

"ನಾನೇ," ಎಂದೆ. "ಹನ್ನೊಂದು ಥರ ಒದರ್ತದ್ರಿ ಅದು. ಕರೆಂಟ್ ಹೋದ್ರೂ ಒದರ್ತದ, ಬಂದ್ರೂ ಒದರ್ತದ. ತಲಿ ಚಿಟ್ ಹಿಡೀತದ."

ಬೈಯುತ್ತಾನೆ ಅಂದುಕೊಂಡೆ. ಆತ ನಕ್ಕ. ನಗು ಮೊದಲು ಕಣ್ಣಿಗೆ ಬಂದು ನಿಧಾನ ತುಟಿಗಿಳಿಯಿತು. ನನಗೆ ಇನ್ನಷ್ಟು ಸಿಟ್ಟು ಬಂತು.

"ಸುಮ್‌ಸುಮ್ನ ಒದರೋದಕ್ಕ ಯಾರು ಕಿವಿ ಕೊಡ್ತಾರ್ರಿ ಡಾಕ್ಟರ್ರ? ಬ್ಯಾಡಾದ್ದೆಲ್ಲಾ ತೆಗೀತೀನಿ. ಆಕ್ಸಿಜನ್ ಇಳಿದ್ರ ಒಂದೇ ಸೀಟಿ. ಗಾಳಿ ಒತ್ತಡಕ್ಕೇ ಊದ್ತದ, ಕರೆಂಟ್ ಬೇಕಿಲ್ಲ. ಮಂಪರು ಬರ್ಸೋ ನೈಟ್ರಸ್ ಗ್ಯಾಸ್ ತಾನೇ ಬಂದ್ ಆಗ್ತದ."

"ಇಷ್ಟು ಸಸಾರ ಆದ್ರ ನಾ ನಂಬಂಗಿಲ್ಲ. ನನ್ನ ಸಹಿ ಇಲ್ದ ಅದು ಪೇಷಂಟ್ ಹತ್ರ ಹೋಗಂಗಿಲ್ಲ."

"ನಂಬಬ್ಯಾಡ್ರಿ. ಪರೀಕ್ಷಾ ಮಾಡ್ರಿ."

ಮಾಡಿದೆ. ಯಂತ್ರ ಸಿದ್ಧವಾದ ಮೇಲೆ ಹದಿನೈದು ದಿನ, ಆತ ಚಹಾ ಬಾಯಿಗಿಡುವ ಹೊತ್ತು ನೋಡಿಯೇ ಸಿಲಿಂಡರ್ ಮುಚ್ಚುತ್ತಿದ್ದೆ. ಪ್ರತಿ ಸಲ ಸೀಟಿ, ಪ್ರತಿ ಸಲ ಬಸಿಯ ಅಂಚಿನಿಂದ ಹುಬ್ಬೇರಿಸಿದ ಒಂದು ನೋಟ. ನಲವತ್ತನೇ ಸಲಕ್ಕೆ ಸಹಿ ಹಾಕಿದೆ. ಹಾಕುವಾಗ ಖುಷಿಯಾಗಲಿಲ್ಲ.

ಆತ ಹೊರಟ ದಿನವೇ ಕೊಡ್ಲಿ ಊರಿನಿಂದ ತುರ್ತು ಹೆರಿಗೆ ಬಂತು. ತಾಯಿಗೆ ಪೂರ್ತಿ ಅರಿವಳಿಕೆ ಕೊಟ್ಟಿದ್ದೆ. ಕರೆಂಟ್ ಹೋಯಿತು. ಬೆನ್ನಿಗೇ ಸೀಟಿ ಊದಿತು. ಕರೆಂಟಿನ ಮೇಲೆ ನಡೆಯುವ ಆಕ್ಸಿಜನ್ ಪ್ಲಾಂಟ್ ನಿಂತು ಪೈಪಿನ ಆಕ್ಸಿಜನ್ ಇಳಿದಿತ್ತು, ನೈಟ್ರಸ್ ಆಗಲೇ ನಿಂತಿತ್ತು. ಮೀಸಲು ಸಿಲಿಂಡರ್ ತಿರುವಿದೆ. ಸೀಟಿ ಅಡಗಿತು. ನಾಲ್ಕು ನಿಮಿಷಕ್ಕೆ ಮಗು ಅತ್ತಿತು.

"ತಾಯಿ, ಮಗಾ ಇಬ್ರೂ ಚಲೋ ಆರ," ಎಂದು ಸುಗರಾಬಿ ಹೊರಗೆ ಕೂಗಿ ಹೇಳಿದಳು.

ಆಪರೇಷನ್ ಮುಗಿಸಿ ಬಂದರೆ ಬಾಗಿಲ ಹೊರಗೆ ಆತ, ಹೆಗಲಿಗೆ ಬ್ಯಾಗು. ಕಲಬುರಗಿ ಬಸ್ಸು ಯಾವಾಗಲೋ ಹೋಗಿತ್ತು.

"ಸೀಟಿ ಕೇಳಿಸ್ತು. ಹೋಗ್ಲಿಕ್ಕ ಕಾಲೇ ಬರ್ಲಿಲ್ರಿ," ಎಂದ.

"ನೀವು ಗೆದ್ರಿ."

"ಇಬ್ರೂ ಗೆದ್ದೀವ್ರಿ. ಮುಂದ ಚಿತ್ತಾಪುರ, ಶಹಾಬಾದ್‌ದಾಗೂ ಇಂಥವೇ ಮಿಷಿನ್ ಅವ. ಆದ್ರ ಅಲ್ಲಿ ಇಷ್ಟು ಕಾಡೋರು ಯಾರೂ ಇಲ್ಲ."

ಇನ್ನು ಬಿಗುಮಾನ ಯಾಕೆ?

"ಇಪ್ಪತ್ತನೇ ಸಲಕ್ಕೇ ನಂಬಿಕಿ ಬಂದಿತ್ರಿ. ಸಹಿ ಹಾಕಿದ್ರ ನೀವು ಹೋಗಿಬಿಡ್ತೀರಿ ಅಂತ ತಡಾ ಮಾಡ್ದೆ."

ಆತ ಬ್ಯಾಗು ಕೆಳಗಿಟ್ಟ.

"ಭಾಗ್ಯಜ್ಯೋತಿ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕೈ ಹಿಡಿದ. ಸುಗರಾಬಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.