ಇಬ್ಬರದೂ ಸರಿ, ಸಾಂಬಾರಷ್ಟೇ ತಪ್ಪು

“ಜಡ್ಜ್ ಬಂದಾಳ, ದಾರಿ ಬಿಡ್ರಿ!”

ಬಿಸಿಯೂಟದ ಕೋಣೆಯ ಬಾಗಿಲಲ್ಲಿ ನಿಂತು ಸಹನಾ ಹೀಗೆ ಘೋಷಿಸಿದಳು. ಎಡಗೈಯಲ್ಲಿ ರುಚಿ ಪುಸ್ತಕ, ಬಲಗೈಯಲ್ಲಿ ಚಮಚ, ಕಿವಿಯ ಮೇಲೆ ಪೆನ್ನು. ದಾರಿಯಲ್ಲಿದ್ದುದು ಒಂದು ಬೆಕ್ಕು ಮಾತ್ರ, ಅದೂ ಕದಲಲಿಲ್ಲ.

ಕಾರಟಗಿ ಹತ್ತಿರದ ಆ ಸಣ್ಣ ಊರಿನ ಶಾಲೆಯಲ್ಲಿ, ಮಕ್ಕಳಿಗೆ ಬಡಿಸುವ ಮೊದಲು ದಿನವೂ ಶಿಕ್ಷಕರೊಬ್ಬರು ಊಟದ ರುಚಿ ನೋಡಿ ಆ ಪುಸ್ತಕದಲ್ಲಿ ಬರೆಯಬೇಕಿತ್ತು. ಇಂದು ಗೋವಿಂದರಾಜ ಸರ್ ಅವರ ಹಲ್ಲು ನೋಯುತ್ತಿತ್ತು. ಅವರು ಊದಿದ ಕೆನ್ನೆಯನ್ನು ಹಿಡಿದುಕೊಂಡೇ ಐದನೇ ತರಗತಿಯ ಸಹನಾಳನ್ನು ಕರೆದು, “ಇವತ್ತ ನೀನ ಜಡ್ಜ್. ಹೆಂಗೈತೋ ಹಂಗ ಬರಿ. ಸುಳ್ಳು ಬರಿಬ್ಯಾಡ,” ಎಂದಿದ್ದರು.

ಅಡುಗೆ ಮಾಡುವವರು ಇಬ್ಬರು: ಸಹನಾಳ ಅಜ್ಜಿ ಮಾರೆವ್ವ ಮತ್ತು ಓಣಿಯ ಕಾಸೀಮಬೀ ಚಾಚಿ. ದೊಡ್ಡ ಪಾತ್ರೆ ತಿಕ್ಕುವ ಸರದಿ ಯಾರದೆಂದು ನಿನ್ನೆ ಇಬ್ಬರಿಗೂ ಜಗಳವಾಗಿತ್ತು. ಇಂದು ಬೆಳಗಿನಿಂದ ಮಾತಿಲ್ಲ. ಬೆನ್ನಿಗೆ ಬೆನ್ನು ಹಾಕಿ ಕುಳಿತಿದ್ದರು.

“ಸಹನಾ, ಆಕೀಗೆ ಹೇಳು, ಒಲಿ ಸಣ್ಣ ಮಾಡಂತ,” ಎಂದಳು ಅಜ್ಜಿ.

“ಮಾಡಿ ಆಗೇತಿ ಅಂತ ನಿಮ್ಮ ಅಜ್ಜಿಗೆ ಹೇಳವಾ,” ಎಂದಳು ಕಾಸೀಮಬೀ.

“ಇಬ್ಬರಿಗೂ ಕೇಳಸ್ತಲ್ಲ? ಮತ್ತ ನಾ ಯಾಕ ಹೇಳ್ಬೇಕು?”

“ಆಕಿ ಮಾತು ನನಗ ಕೇಳಸಂಗಿಲ್ಲ,” ಎಂದರು ಇಬ್ಬರೂ, ಒಟ್ಟಿಗೆ.

ಸಹನಾ ಗಂಭೀರಳಾಗಿ ಚಮಚ ಅದ್ದಿದಳು, ಊದಿದಳು, ನುಂಗಿದಳು. ಅವಳ ಕಣ್ಣು ದೊಡ್ಡದಾಯಿತು. ಮರುಕ್ಷಣ ಜಡ್ಜಮ್ಮ ನೀರಿನ ಕೊಡದ ಕಡೆಗೆ ಓಡಿ ಎರಡು ಲೋಟ ನೀರು ಗಟಗಟನೆ ಕುಡಿದಳು.

“ಉಪ್ಪು!” ಎಂದು ಕಿರುಚಿದಳು. “ಸಮುದ್ರ ಕುಡದಂಗ ಆತು!”

“ನೋಡಿದ್ಯಾ! ಆಕೀ ಕೈ ಭಾಳ ದೊಡ್ಡದು,” ಎಂದು ಅಜ್ಜಿ ಎದ್ದು ನಿಂತಳು. “ಬರಿ, ಕಾಸೀಮಬೀ ಉಪ್ಪು ಸುರುವ್ಯಾಳ ಅಂತ ಬರಿ!”

“ಮಾರೆವ್ವ ಸುರುವ್ಯಾಳ ಅಂತ ಬರಿ! ಹೆಸರು ದಪ್ಪಗ ಬರಿ!”

ಸಹನಾ ಪುಸ್ತಕ ತೆರೆದಳು. ಹಿಂದಿನ ಪುಟಗಳ ತುಂಬ ಒಂದೇ ಸಾಲು: ‘ಊಟ ರುಚಿಯಾಗಿದೆ.’ ತಾಲ್ಲೂಕಿನ ಸಾಹೇಬರು ಬಂದಾಗಲೆಲ್ಲ ಇದನ್ನೇ ಓದುತ್ತಿದ್ದರು. ತಪ್ಪು ಮಾಡಿದವರೆಂದು ಯಾರ ಹೆಸರು ಇದರಲ್ಲಿ ಬಂದರೂ ಅವರ ಕೆಲಸ ಉಳಿಯುವುದು ಅನುಮಾನ. ಅಜ್ಜಿಯ ಹೆಸರು ಬರೆಯಲು ಕೈ ಬರಲಿಲ್ಲ. ಹಾಗೆಂದು ಚಾಚಿಯ ಹೆಸರು ಬರೆಯುವುದೆ? ಸುಳ್ಳು ಬರೆಯಬಾರದೆಂದು ಸರ್ ಬೇರೆ ಹೇಳಿದ್ದಾರೆ. ಪೆನ್ನನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿದಳು.

ಅವಳು ಬಕೀಟು ಬೋರಲು ಹಾಕಿ ಅದರ ಮೇಲೆ ನಿಂತಳು.

“ವಿಚಾರಣಿ ಆಗ್ಬೇಕು. ಅಜ್ಜೀ, ಎಷ್ಟು ಉಪ್ಪು ಹಾಕಿದಿ?”

“ದಿನಾ ಹಾಕೂವಷ್ಟ. ಎರಡು ಮುಷ್ಟಿ.”

“ಚಾಚೀ, ನೀವು?”

“ನಾನೂ ಎರಡು ಮುಷ್ಟಿ. ಆಕಿ ಹಾಕ್ಯಾಳೋ ಇಲ್ಲೋ, ಮಾತಾಡ್ದ ನನಗ ಹೆಂಗ ಗೊತ್ತಾಗ್ಬೇಕು?”

ಸಹನಾ ಬೆರಳು ಮಡಚಿ ಎಣಿಸಿದಳು: ಒಟ್ಟು ನಾಲ್ಕು ಮುಷ್ಟಿ. ಅಜ್ಜಿ ಹಾಕಬೇಕಾದಷ್ಟೇ ಹಾಕಿದ್ದಳು. ಚಾಚಿಯೂ ಹಾಕಬೇಕಾದಷ್ಟೇ ಹಾಕಿದ್ದಳು.

“ಇಬ್ಬರದೂ ಸರಿ ಐತಿ,” ಎಂದಳು ನಿಧಾನವಾಗಿ. “ಸಾಂಬಾರಷ್ಟ ತಪ್ಪೈತಿ.”

ಊಟದ ಗಂಟೆಗೆ ಇನ್ನು ಅರ್ಧ ತಾಸು ಮಾತ್ರ ಉಳಿದಿತ್ತು.

“ಅರ್ಧಾ ಬ್ಯಾರೆ ಡಬರಿಗೆ ಸುರುವಿ, ಎರಡಕ್ಕೂ ಬ್ಯಾಳಿ, ನೀರು ಕೂಡಸಬೇಕು,” ಎಂದು ಅಜ್ಜಿ ಗೋಡೆಗೆ ಹೇಳಿದಳು. ಗೋಡೆಯ ಪರವಾಗಿ ಕಾಸೀಮಬೀ ಕುಕ್ಕರಿನಲ್ಲಿ ಬೇಳೆ ಇಟ್ಟಳು.

ನಾಲ್ಕು ಸೀಟಿ ಆದ ಮೇಲೆ, ಸಾಂಬಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಲು ಇಬ್ಬರೂ ಅರಿವೆಯಿಂದ ಅದರ ಒಂದೊಂದು ಹಿಡಿಕೆ ಹಿಡಿದರು.

“ಆಕೀಗೆ ಹೇಳು, ಎತ್ತಂತ.”

“ಚಾಚೀ, ಎತ್ತಬೇಕಂತ್ರಿ!”

ಸುದ್ದಿ ಮುಟ್ಟುವಷ್ಟರಲ್ಲಿ ಅಜ್ಜಿಯ ಕಡೆ ಮೇಲೆದ್ದಿತ್ತು.

“ಇಳಸಂತ ಹೇಳು!”

“ಅಜ್ಜೀ, ಇಳಸಬೇಕಂತ!”

ಅಜ್ಜಿ ಇಳಿಸುವಾಗ ಚಾಚಿ ಎತ್ತಿದಳು. ಸಾಂಬಾರು ಅತ್ತಿಂದಿತ್ತ ತೂಗಾಡಿ ಅಂಚಿಗೆ ಬಂತು. ಬೆಕ್ಕು ಈಗ ತಾನಾಗಿಯೇ ದಾರಿ ಬಿಟ್ಟಿತು.

“ಮಾರೆವ್ವಕ್ಕಾ, ಕಾಲು! ಕಾಲು ತಗಿ!”

“ತಗದ್ನಿ! ನೀ ಕೈ ಜ್ವಾಕಿ, ಕಾಸೀಮಬೀ!”

ಪಾತ್ರೆ ಕ್ಷೇಮವಾಗಿ ನೆಲ ಮುಟ್ಟಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಆಮೇಲೆ ಸಹನಾಳ ಕಡೆಗೆ ತಿರುಗಿದರು.

“ನಾವೇನು ಮಾತಾಡಿಲ್ಲ ಮತ್ತ. ಅದನ್ನ ಬರಿಬ್ಯಾಡ,” ಎಂದಳು ಅಜ್ಜಿ. ಕಾಸೀಮಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಹೊಟ್ಟೆ ಕುಲುಕುತ್ತಿತ್ತು.

ಅರ್ಧ ಸಾಂಬಾರು ಇನ್ನೊಂದು ಪಾತ್ರೆಗೆ ಹೋಗಿ, ಬೇಳೆ ನೀರು ಕೂಡಿ, ಎರಡೂ ಮತ್ತೆ ಕುದಿದ ಮೇಲೆ ಸಹನಾ ರುಚಿ ನೋಡಿ, ಬರೆದು, ಪುಸ್ತಕವನ್ನು ಸರ್ ಅವರಿಗೆ ಒಪ್ಪಿಸಿದಳು. ಅವರು ಓದಿದರು: ‘ಮೊದಲು ಉಪ್ಪು ಹೆಚ್ಚಾಗಿತ್ತು. ಇಬ್ಬರೂ ಸರಿಯಾಗಿ ಹಾಕಿದ್ದರಿಂದ ಹಾಗಾಯಿತು. ಇಬ್ಬರೂ ಕೂಡಿ ಸರಿಪಡಿಸಿದರು. ಈಗ ರುಚಿಯಾಗಿದೆ.’

“ಸರಿಯಾಗಿ ಹಾಕಿದ್ರ ಹೆಂಗ ಹೆಚ್ಚಾತು? ತಪ್ಪು ಯಾರ್ದು?”

“ಹುಡುಕಿದ್ನಿರಿ ಸರ್. ಸಿಗಲಿಲ್ರಿ.”

ಸರ್ ಅವರಿಗೆ ನಗು ಬಂತು, ಹಲ್ಲು ನೋಯಿತು, ಸಹಿ ಹಾಕಿಬಿಟ್ಟರು.

ಗಂಟೆ ಹೊಡೆಯಿತು. ಸಹನಾ ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತಳು. ಅಜ್ಜಿ ಬಂದು ಅನ್ನದ ಮೇಲೆ ಒಂದು ಸೌಟು ಸಾಂಬಾರು ಸುರಿದಳು. ಬೆನ್ನಿಗೇ ಕಾಸೀಮಬೀ ಬಂದು ಇನ್ನೊಂದು ಸೌಟು ಎತ್ತಿದಳು. ತಟ್ಟೆಯಲ್ಲಿ ಅನ್ನ ಆಗಲೇ ತೇಲುತ್ತಿತ್ತು.

ಸಾಕು ಎನ್ನಲು ಸಹನಾಳ ಬಾಯಿ ತೆರೆದಿತ್ತು. ಅಜ್ಜಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಅಜ್ಜಿಯದು ಹಾಕಿಸಿಕೊಂಡು ಚಾಚಿಯದು ಬೇಡ ಎಂದರೆ ಜಡ್ಜ್ ಹೇಗಾದಾಳು? ಸಹನಾ ಬಾಯಿ ಮುಚ್ಚಿಕೊಂಡು, ತಟ್ಟೆಯನ್ನು ಎರಡೂ ಕೈಯಿಂದ ಮುಂದಕ್ಕೆ ಚಾಚಿದಳು.